ವಿಭಜನೆಯ ನಂತರ ನ್ಯೂಕ್ಲಿಯಸ್ ಪೊರೆ ಸರಿಯಾಗಿ ಕಟ್ಟಿಕೊಳ್ಳದಿದ್ದರೆ: ದೋಷ ಹುಡುಕುವ ಕೈಪಿಡಿ

ಯಾವುದೋ ಜೀನ್ ತಡೆಯಲು ಎಸ್‌ಐಆರ್‌ಎನ್‌ಎ ಹಾಕಿದ್ದೀರಿ, ಅಥವಾ ಹೊಸ ಔಷಧವೊಂದನ್ನು ಕೋಶಗಳಿಗೆ ಕೊಟ್ಟಿದ್ದೀರಿ. ಎರಡು ದಿನ ಬಿಟ್ಟು ಡಿಎನ್‌ಎಯನ್ನು ಬೆಳಗಿಸುವ ಡ್ಯಾಪಿ ಬಣ್ಣ ಹಾಕಿ ನೋಡಿದರೆ ನ್ಯೂಕ್ಲಿಯಸ್‌ಗಳ ಆಕಾರ ಕೆಟ್ಟಿದೆ. ಕೆಲವು ಚೂರುಚೂರಾಗಿವೆ. ಕೆಲವುಗಳ ಪಕ್ಕದಲ್ಲಿ ಒಂದು ಪುಟ್ಟ ಮರಿ ನ್ಯೂಕ್ಲಿಯಸ್ ಕೂತಿದೆ. ಇನ್ನು ಕೆಲವಕ್ಕೆ ಗುಳ್ಳೆ ಎದ್ದಿವೆ. ತಕ್ಷಣ ಬಾಯಿಗೆ ಬರುವ ಮಾತು "ಪೊರೆ ಮತ್ತೆ ಕಟ್ಟಿಕೊಳ್ಳುವ ಕೆಲಸ ಹಾಳಾಗಿದೆ" ಅನ್ನುವುದು.

ಆ ಮಾತನ್ನು ಸ್ವಲ್ಪ ಹೊತ್ತು ತಡೆದಿಟ್ಟುಕೊಳ್ಳಿ. ಫಿಕ್ಸ್ ಮಾಡಿದ, ಅಂದರೆ ಕೋಶಗಳನ್ನು ಇದ್ದ ಹಾಗೇ ಸ್ಥಿರಗೊಳಿಸಿದ, ಸ್ಲೈಡಿನಲ್ಲಿ ಕಾಣುವ ಒಂದೇ ಆಕಾರಕ್ಕೆ ನಾಲ್ಕೈದು ಬೇರೆ ಬೇರೆ ಕಾರಣ ಇರಬಹುದು. ಕ್ರೋಮೋಸೋಮ್ ಹಂಚಿಕೆಯೇ ತಪ್ಪಿರಬಹುದು. ಪೊರೆ ಚೆನ್ನಾಗಿಯೇ ಕಟ್ಟಿಕೊಂಡು, ಹತ್ತು ಗಂಟೆ ಕಳೆದ ಮೇಲೆ ಹರಿದಿರಬಹುದು. ಕೋಶ ಸಾಯುತ್ತಿರಬಹುದು. ಇವನ್ನು ಬೇರೆ ಮಾಡಿ ತೋರಿಸಲು ನಂಬಬಹುದಾದ ಆಧಾರ ಒಂದೇ: ದೋಷ ಎಷ್ಟು ಹೊತ್ತಿಗೆ ಶುರುವಾಯಿತು ಅನ್ನುವುದು. ಈ ಬರಹ ಪೂರ್ತಿ ಆ ಗಡಿಯಾರದ ಸುತ್ತ ಇದೆ.

ಇದು ಮನುಷ್ಯನ ಕೋಶಗಳಿಗೆ, ಅದರಲ್ಲೂ ಹೀಲಾ, ಆರ್‌ಪಿಇ-1 ತರಹ ಲ್ಯಾಬಿನಲ್ಲಿ ಬೆಳೆಸುವ ಕೋಶಗಳಿಗೆ ಬರೆದದ್ದು. ಬೇಕರಿ ಯೀಸ್ಟ್ ವಿಭಜನೆಯಾಗುವಾಗ ಪೊರೆ ಒಡೆಯುವುದೇ ಇಲ್ಲ, ಹಾಗಾಗಿ ಅದರ ಲೆಕ್ಕ ಬೇರೆ.

ಸರಿಯಾಗಿ ನಡೆದರೆ ಹೇಗಿರುತ್ತದೆ

ಕ್ರೋಮೋಸೋಮ್‌ಗಳು ಎರಡು ಗುಂಪಾಗಿ ಬೇರೆಯಾಗಲು ಶುರುವಾದ ಕ್ಷಣ, ಅಂದರೆ ಅನಾಫೇಸ್‌ನ ಆರಂಭ, ನಿಮ್ಮ ಸೊನ್ನೆ ನಿಮಿಷ. ಎಲ್ಲ ಅಳತೆಯೂ ಅಲ್ಲಿಂದಲೇ.

ಅಷ್ಟು ಹೊತ್ತಿಗೆ ಹಳೆಯ ಪೊರೆ ಇಲ್ಲವೇ ಇಲ್ಲ. ವಿಭಜನೆ ಶುರುವಾದಾಗ ಸಿಡಿಕೆ-1 ಅನ್ನುವ ಕೈನೇಸ್ ಪೊರೆಯ ಒಳಮೈಗೆ ಆಸರೆ ಕೊಡುವ ಲ್ಯಾಮಿನ್ ಪ್ರೋಟೀನುಗಳಿಗೂ, ಸಾಗಣೆಯ ಬಾಗಿಲುಗಳಾದ ರಂಧ್ರಗಳ ಪ್ರೋಟೀನುಗಳಿಗೂ ಫಾಸ್ಫೇಟ್ ಅಂಟಿಸಿ ಅವನ್ನು ಬಿಡಿಸಿಬಿಟ್ಟಿರುತ್ತದೆ. ಲ್ಯಾಮಿನ್ ಹೀಗೆ ಕಳಚಿ ಮತ್ತೆ ಜೋಡಿಕೊಳ್ಳುತ್ತದೆ ಅಂತ ಲ್ಯಾರಿ ಜೆರೇಸ್ ಮತ್ತು ಗುಂಟರ್ ಬ್ಲೋಬೆಲ್ 1980ರಲ್ಲೇ ತೋರಿಸಿದ್ದರು. ಪೊರೆಯ ಕೊಬ್ಬಿನ ಭಾಗ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಜೊತೆ, ನಾವು ಇಆರ್ ಅನ್ನುತ್ತೀವಲ್ಲ ಅದರ ಜೊತೆ, ಬೆರೆತು ಹೋಗಿರುತ್ತದೆ.

ಅನಾಫೇಸ್‌ನಲ್ಲಿ ಸಿಡಿಕೆ-1ನ್ನು ಚಾಲೂ ಇಡುವ ಸೈಕ್ಲಿನ್-ಬಿ ಕರಗುತ್ತದೆ, ಸಿಡಿಕೆ-1 ಸುಮ್ಮನಾಗುತ್ತದೆ, ಪಿಪಿ-1 ಮತ್ತು ಪಿಪಿ-2ಎ ಫಾಸ್ಫಟೇಸ್‌ಗಳು ಆ ಫಾಸ್ಫೇಟ್‌ಗಳನ್ನು ಕಿತ್ತು ಹಾಕುತ್ತವೆ. ಮೊದಲು ಬ್ಯಾಫ್ ಅನ್ನುವ, ಡಿಎನ್‌ಎಗೆ ಅಂಟುವ ಪುಟ್ಟ ಪ್ರೋಟೀನ್ ಕ್ರೋಮೋಸೋಮ್ ಗುಂಪಿನ ಮೇಲ್ಮೈಯನ್ನು ಆವರಿಸುತ್ತದೆ. ಹೀಲಾ ಕೋಶದಲ್ಲಿ ನಾಲ್ಕೈದು ನಿಮಿಷಕ್ಕೆ ಇಆರ್ ಹಾಳೆಗಳು ತಟ್ಟೆಯಂತಿರುವ ಕ್ರೋಮೋಸೋಮ್ ಗುಂಪಿನ ಅಂಚಿಗೆ ಬಂದು ತಾಗುತ್ತವೆ. ಆಮೇಲೆ ಅಂಚಿನಿಂದ ನಡುವಿಗೆ ಹರಡುತ್ತವೆ. ನಡುಭಾಗದಲ್ಲಿ ಇನ್ನೂ ಕ್ರೋಮೋಸೋಮ್ ಎಳೆಯುವ ಸ್ಪಿಂಡಲ್‌ನ ಎಳೆಗಳು, ಅಂದರೆ ಮೈಕ್ರೋಟ್ಯೂಬ್ಯೂಲ್‌ಗಳು, ಚುಚ್ಚಿಕೊಂಡೇ ಇರುತ್ತವೆ. ಅಲ್ಲಿ ಒಳಪೊರೆಯ ಪ್ರೋಟೀನ್ ಎಮೆರಿನ್ ಮತ್ತು ಲ್ಯಾಮಿನ್-ಎ ಒಟ್ಟುಗೂಡುತ್ತವೆ. ಅದಕ್ಕೆ 'ಕೋರ್' ಭಾಗ ಅನ್ನುತ್ತಾರೆ. ಅಂಚಿನಲ್ಲಿ ಒಳಪೊರೆಯ ಇನ್ನೊಂದು ಪ್ರೋಟೀನ್ ಎಲ್‌ಬಿಆರ್ ಮತ್ತು ರಂಧ್ರದ ಪ್ರೋಟೀನುಗಳು. ಅದು 'ನಾನ್-ಕೋರ್'. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಐದರಿಂದ ಹತ್ತು ನಿಮಿಷದ ನಡುವೆ ಎಸ್ಕಾರ್ಟ್-3 ಅನ್ನುವ ಪ್ರೋಟೀನುಗಳ ತಂಡ ಬಂದು ಉಳಿದ ತೂತುಗಳನ್ನು ಮುಚ್ಚಿ ಹೋಗುತ್ತದೆ. ಹತ್ತು ನಿಮಿಷದ ಆಸುಪಾಸಿಗೆ ರಂಧ್ರಗಳು ಕೆಲಸ ಶುರು ಮಾಡುತ್ತವೆ, ಸಾಗಣೆ ಆರಂಭವಾಗುತ್ತದೆ. ಲ್ಯಾಮಿನ್‌ಗಳ ಬಹುಪಾಲು ಈ ಸಾಗಣೆ ಶುರುವಾದ ಮೇಲೆಯೇ ಒಳಗೆ ಸೇರಿ ಗೋಡೆಗೆ ಅಂಟಿಕೊಳ್ಳುವುದು. ಕೋಶದಿಂದ ಕೋಶಕ್ಕೆ ನಿಮಿಷಗಳು ಸ್ವಲ್ಪ ಆಚೀಚೆ ಆಗುತ್ತವೆ, ಕ್ರಮ ಮಾತ್ರ ಬದಲಾಗುವುದಿಲ್ಲ.

ಇದರಿಂದ ನಿಮಗೆ ಸಿಗುವ ಮೊದಲ ಪಾಠ: ಹತ್ತು ನಿಮಿಷಕ್ಕೊಂದು ಫೋಟೋ ತೆಗೆದರೆ ನಾಟಕ ಮುಗಿದೇ ಹೋಗಿರುತ್ತದೆ. ಅನಾಫೇಸ್‌ನಿಂದ ಮೊದಲ ಇಪ್ಪತ್ತು ನಿಮಿಷ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದು ಫೋಟೋ ಬೇಕು. ಆಮೇಲೆ ನಿಧಾನ ಮಾಡಿ.

ಮೊದಲು ಪ್ರಯೋಗವನ್ನೇ ಅನುಮಾನಿಸಿ

ಹೊಸದಾಗಿ ಲ್ಯಾಬ್ ಸೇರಿದವರು ಜಾಸ್ತಿ ಹೊತ್ತು ಕಳೆದುಕೊಳ್ಳುವುದು ಇಲ್ಲಿ ನೋಡದೆ ಮುಂದೆ ಹೋಗುವುದರಿಂದ.

ಡ್ಯಾಪಿಯಲ್ಲಿ ಸೈಟೋಪ್ಲಾಸಮ್ ತುಂಬ ಸಣ್ಣ ಸಣ್ಣ ಚುಕ್ಕೆ ಕಂಡರೆ ಅದನ್ನು ಮರಿ ನ್ಯೂಕ್ಲಿಯಸ್ ಅಂತ ಎಣಿಸಲು ಹೋಗಬೇಡಿ. ಅದು ಮೈಕೋಪ್ಲಾಸ್ಮಾ ಅನ್ನುವ ಪುಟ್ಟ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಗುರುತಿಸುವುದು ಕಷ್ಟ ಅಲ್ಲ. ಆ ಚುಕ್ಕೆಗಳು ಅರ್ಧ ಮೈಕ್ರಾನ್‌ನ ಆಸುಪಾಸಿನಲ್ಲಿರುತ್ತವೆ, ಎಲ್ಲ ಕೋಶಗಳಲ್ಲೂ ಇರುತ್ತವೆ, ಕೋಶದ ಅಂಚಿನ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಕೋಶಗಳ ನಡುವಿನ ಖಾಲಿ ಗಾಜಿನ ಮೇಲೂ ಕಾಣುತ್ತವೆ. ನಿಜವಾದ ಮರಿ ನ್ಯೂಕ್ಲಿಯಸ್ ಒಂದೋ ಎರಡೋ ಇರುತ್ತದೆ, ದುಂಡಗಿರುತ್ತದೆ. ಅದರ ವ್ಯಾಸ ದೊಡ್ಡ ನ್ಯೂಕ್ಲಿಯಸ್‌ನ ಹದಿನಾರನೇ ಒಂದು ಭಾಗದಿಂದ ಮೂರನೇ ಒಂದು ಭಾಗದ ಒಳಗಿರುತ್ತದೆ. ಬಣ್ಣದ ಗಾಢತೆಯೂ ದೊಡ್ಡದರಷ್ಟೇ. ಅನುಮಾನ ಇದ್ದರೆ ಪಿಸಿಆರ್ ಮಾಡಿಸಿ. ಸೋಂಕಿರುವ ಕೋಶಗಳ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚೂರುಗಳು ಕಣ್ಣು ಕುಕ್ಕುವಷ್ಟು ಬೆಳಗುತ್ತಿದ್ದು, ಕೋಶ ಮುದುಡಿಕೊಂಡಿದ್ದರೆ ಅದು ಅಪಾಪ್ಟೋಸಿಸ್, ಕೋಶ ತಾನಾಗಿ ಸಾಯುವ ಕ್ರಮ. ಪೊರೆಯ ವಿಷಯ ಅಲ್ಲವೇ ಅಲ್ಲ.

ಮುಂದಿನದು ಔಷಧ ಕೊಟ್ಟು ಎಲ್ಲ ಕೋಶಗಳನ್ನೂ ಒಂದೇ ಹಂತಕ್ಕೆ ತರುವ ರೂಢಿ. ನೊಕೊಡಾಝೋಲ್ ಅಥವಾ ಮೊನಾಸ್ಟ್ರಾಲ್ ಹಾಕಿ ನಿಲ್ಲಿಸಿ, ತೊಳೆದು ಬಿಟ್ಟರೆ ಮೈಕ್ರೋಟ್ಯೂಬ್ಯೂಲ್‌ಗಳು ಕ್ರೋಮೋಸೋಮ್‌ಗೆ ಅಡ್ಡಾದಿಡ್ಡಿ ಅಂಟಿಕೊಳ್ಳುತ್ತವೆ. ಅನಾಫೇಸ್‌ನಲ್ಲಿ ಕ್ರೋಮೋಸೋಮ್ ಹಿಂದೆ ಉಳಿಯುತ್ತದೆ, ಮರಿ ನ್ಯೂಕ್ಲಿಯಸ್ ಆಗುತ್ತದೆ. ಬೇಕೆಂದೇ ಮರಿ ನ್ಯೂಕ್ಲಿಯಸ್ ಮಾಡಲು ಜನ ಬಳಸುವ ದಾರಿಯೇ ಇದು. ಹಾಗಾಗಿ ಪೊರೆಯ ಪ್ರಯೋಗಕ್ಕೆ ಸಾಧ್ಯವಾದಷ್ಟು ತಾನಾಗಿ ವಿಭಜನೆಯಾಗುವ ಕೋಶಗಳನ್ನೇ ಹಿಡಿಯಿರಿ. ಕಾಯಬೇಕಾಗುತ್ತದೆ, ಆದರೆ ಆ ಕಾಯುವಿಕೆ ಸಾರ್ಥಕ.

ಫ್ಲೋರೆಸೆಂಟ್ ಬಾಲ ಕಟ್ಟಿದ ಪ್ರೋಟೀನ್ ಅತಿಯಾದರೂ ತೊಂದರೆ. ಎಲ್‌ಬಿಆರ್ ಜಾಸ್ತಿ ತಯಾರಾದರೆ ಪೊರೆ ಮಡಿಕೆ ಮಡಿಕೆಯಾಗಿ ಸುತ್ತಿಕೊಳ್ಳುತ್ತದೆ. ಲ್ಯಾಮಿನ್ ಜಾಸ್ತಿಯಾದರೆ ನ್ಯೂಕ್ಲಿಯಸ್ ಸುಕ್ಕುಗಟ್ಟುತ್ತದೆ. ಮಂದವಾಗಿ ಹೊಳೆಯುವ ಕೋಶಗಳನ್ನು ಆರಿಸಿ. ಹಾಗೆಯೇ ನೀಲಿ ಬೆಳಕು ಕೋಶಕ್ಕೆ ಪೆಟ್ಟು ಕೊಡುತ್ತದೆ. ಏನೂ ಸೇರಿಸದ ಕೋಶಗಳನ್ನು ಅದೇ ಬೆಳಕಿನಲ್ಲಿ ಅಷ್ಟೇ ಹೊತ್ತು ನೋಡಿದಾಗ ವಿಭಜನೆ ಮಾಮೂಲಾಗಿ ಮುಗಿಯುತ್ತದೆಯೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ನ್ಯೂಕ್ಲಿಯಸ್ ಚೂರುಚೂರಾಗಿದ್ದರೆ

ಈಗ ಫಿಲ್ಮ್ ಓಡಿಸಿ, ಅನಾಫೇಸ್‌ನ ಮೂರನೇ ನಿಮಿಷದಲ್ಲಿ ನಿಲ್ಲಿಸಿ. ಎಚ್-2ಬಿ ಹಿಸ್ಟೋನ್‌ಗೆ ಬಣ್ಣ ಇದ್ದರೆ ಎರಡು ಗುಂಪುಗಳ ನಡುವಿನ ಜಾಗ ಚೆನ್ನಾಗಿ ಕಾಣುತ್ತದೆ. ಅಲ್ಲಿ ಒಂದು ಕ್ರೋಮೋಸೋಮ್ ಒಂಟಿಯಾಗಿ ಉಳಿದಿದೆಯಾ, ಅಥವಾ ಒಂದು ಎಳೆ ಎರಡೂ ಕಡೆಗೆ ಜಗ್ಗಿಕೊಂಡಿದೆಯಾ? ಹಾಗಿದ್ದರೆ ನಿಮ್ಮ ದೋಷ ಸ್ಪಿಂಡಲ್‌ನಲ್ಲಿ ಅಥವಾ ಡಿಎನ್‌ಎ ನಕಲು ಆಗುವ ಹಂತದಲ್ಲಿದೆ. ಪೊರೆ ತನ್ನ ಕೆಲಸ ತಾನು ಮಾಡಿದೆ. ಸಿಕ್ಕ ಕ್ರೋಮೋಸೋಮ್‌ಗೆ ಬೇರೆ ಹೊದಿಕೆ ಹಾಕಿದೆ, ಅಷ್ಟೆ.

ನಡುವಿನ ಜಾಗ ಖಾಲಿ ಇದೆ, ಎರಡೂ ಗುಂಪು ಒತ್ತೊತ್ತಾಗಿ ಸಾಗಿವೆ, ಆದರೂ ಹತ್ತು ಹದಿನೈದು ನಿಮಿಷಕ್ಕೆ ಒಂದೊಂದು ಗುಂಪು ಹಲವು ಪುಟ್ಟ ನ್ಯೂಕ್ಲಿಯಸ್‌ಗಳಾಗಿ ಒಡೆದಿದೆ ಅಂದರೆ ಕಥೆ ಬೇರೆ. ಇಲ್ಲಿ ಬ್ಯಾಫ್ ಮೇಲೆ ಕಣ್ಣಿಡಿ. ವಿಯೆನ್ನಾದ ಡೇನಿಯಲ್ ಗೆರ್ಲಿಖ್ ಅವರ ತಂಡ 2017ರಲ್ಲಿ ಇದನ್ನು ತುಂಬ ಅಚ್ಚುಕಟ್ಟಾಗಿ ಬಿಡಿಸಿತು. ಬ್ಯಾಫ್ ಜೋಡಿಯಾಗಿ ನಿಂತು ಎರಡು ಡಿಎನ್‌ಎ ಎಳೆಗಳನ್ನು ಬೆಸೆಯುತ್ತದೆ. ಗದ್ದೆಯಲ್ಲಿ ಕೊಯ್ದ ಹುಲ್ಲನ್ನು ಹೊರೆ ಕಟ್ಟಿದ ಹಾಗೆ, ಬಿಡಿ ಬಿಡಿ ಕ್ರೋಮೋಸೋಮ್‌ಗಳೆಲ್ಲ ಹೊರಗಿನಿಂದ ಬಿಗಿದುಕೊಂಡು ಒಂದೇ ಕಟ್ಟು ಆಗುತ್ತವೆ. ಪೊರೆ ಕಟ್ಟಿನ ಒಳಗೆ ನುಗ್ಗದೆ ಸುತ್ತ ಹರಡುತ್ತದೆ. ಬ್ಯಾಫ್ ಇಲ್ಲದಿದ್ದರೆ ಇಆರ್ ಹಾಳೆಗಳು ಕ್ರೋಮೋಸೋಮ್‌ಗಳ ಸಂದಿಗೆ ನುಗ್ಗಿ ಒಂದೊಂದನ್ನೂ ಬೇರೆ ಬೇರೆ ಸುತ್ತುತ್ತವೆ. ಪೊರೆಯ ಪ್ರೋಟೀನುಗಳನ್ನು ಹಿಡಿಯಲಾರದ ಬ್ಯಾಫ್ ಕೊಟ್ಟಾಗಲೂ ಒಂದೇ ನ್ಯೂಕ್ಲಿಯಸ್ ಆಯಿತು. ಎಳೆಗಳನ್ನು ಬೆಸೆಯಲಾರದ ಬ್ಯಾಫ್ ಕೊಟ್ಟಾಗ ಆಗಲಿಲ್ಲ. ಅಂದರೆ ಇಲ್ಲಿ ಮುಖ್ಯವಾದದ್ದು ಬಿಗಿಯುವ ಕೆಲಸವೇ.

ಬ್ಯಾಫ್ ಪ್ರಮಾಣ ಸರಿಯಾಗಿಯೇ ಇದ್ದರೆ ಅದರ ಫಾಸ್ಫೇಟ್ ನೋಡಿ. ವಿಆರ್‌ಕೆ-1 ಕೈನೇಸ್ ಫಾಸ್ಫೇಟ್ ಅಂಟಿಸಿ ಬ್ಯಾಫನ್ನು ಡಿಎನ್‌ಎಯಿಂದ ಬಿಡಿಸುತ್ತದೆ. ಪಿಪಿ-2ಎ ಫಾಸ್ಫಟೇಸ್, ಲೆಮ್-4 ಪ್ರೋಟೀನಿನ ನೆರವಿನಿಂದ ಅದನ್ನು ಕೀಳುತ್ತದೆ. ಲೆಮ್-4 ಇಲ್ಲದಿದ್ದರೂ ಬ್ಯಾಫ್ ಇದ್ದೂ ಇಲ್ಲದ ಹಾಗೆ.

ಪೊರೆ ಕಾಣುತ್ತಿದೆ, ಒಳಗೆ ಏನೂ ನಿಲ್ಲುತ್ತಿಲ್ಲ

ನನ್ನ ಮಟ್ಟಿಗೆ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಎಲ್‌ಬಿಆರ್ ಉಂಗುರ ಪೂರ್ತಿ ಕಾಣುತ್ತದೆ. "ಪೊರೆ ಮುಚ್ಚಿದೆಯಲ್ಲ" ಅನ್ನುತ್ತಾರೆ. ಮಾಮೂಲಿ ಬೆಳಕಿನ ಮೈಕ್ರೋಸ್ಕೋಪ್ 200 ನ್ಯಾನೋಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಮೈಕ್ರೋಟ್ಯೂಬ್ಯೂಲ್ ಹಾದು ಹೋಗುವ ತೂತು ಅದಕ್ಕಿಂತ ಎಷ್ಟೋ ಚಿಕ್ಕದು. ಕಣ್ಣಿಗೆ ಮುಚ್ಚಿದಂತೆ ಕಂಡರೆ ಮುಚ್ಚಿದೆ ಅಂತ ಅರ್ಥ ಅಲ್ಲ. ಪೊರೆ ಏನು ತಡೆಯುತ್ತದೆ, ಏನು ಒಳಗೆ ಬಿಡುತ್ತದೆ ಅನ್ನುವುದನ್ನು ಅಳೆಯಬೇಕು.

ಅದಕ್ಕೆ ಎನ್‌ಎಲ್‌ಎಸ್ ಚೀಟಿ (ನ್ಯೂಕ್ಲಿಯಸ್ ಒಳಗೆ ಕಳಿಸುವ ವಿಳಾಸ) ಕಟ್ಟಿದ ಜಿಎಫ್‌ಪಿ ಅನ್ನುವ ಹೊಳೆಯುವ ಪ್ರೋಟೀನ್ ಬಳಸುತ್ತೇವೆ. ಒಂದೇ ಜಿಎಫ್‌ಪಿ ಬಳಸಬೇಡಿ. ಅದರ ತೂಕ 27 ಕಿಲೋಡಾಲ್ಟನ್. 40ರ ಆಸುಪಾಸಿಗಿಂತ ಕಡಿಮೆ ಇರುವುದೆಲ್ಲ ರಂಧ್ರಗಳ ಮೂಲಕ ಸುಮ್ನೆ ಓಡಾಡುತ್ತದೆ. ಮೂರು ಜಿಎಫ್‌ಪಿ ಸಾಲಾಗಿ ಪೋಣಿಸಿದ್ದನ್ನು ಬಳಸಿದರೆ ಸೋರಿಕೆ ಕಂಡಾಗ ಅದು ನಿಜವಾದ ಸೋರಿಕೆಯೇ. ಆಮೇಲೆ ನ್ಯೂಕ್ಲಿಯಸ್ ಮತ್ತು ಸೈಟೋಪ್ಲಾಸಮ್‌ನ ಹೊಳಪಿನ ಅನುಪಾತವನ್ನು ಸೊನ್ನೆ ನಿಮಿಷದಿಂದ ಗ್ರಾಫ್ ಹಾಕಿ.

ಗ್ರಾಫ್ ಮೇಲೇರದೆ ಮಲಗಿದ್ದರೆ, ಅಥವಾ ಸ್ವಲ್ಪವೇ ಏರಿ ನಿಂತರೆ ಎರಡು ಸಾಧ್ಯತೆ: ಬಾಗಿಲುಗಳೇ, ಅಂದರೆ ರಂಧ್ರಗಳೇ, ಆಗಿಲ್ಲ, ಅಥವಾ ತೂತುಗಳು ಮುಚ್ಚಿಲ್ಲ. ಇವೆರಡೂ ಎನ್‌ಎಲ್‌ಎಸ್ ಗ್ರಾಫಿನಲ್ಲಿ ಹತ್ತಿರ ಹತ್ತಿರ ಒಂದೇ ತರಹ ಕಾಣುತ್ತವೆ. ಬೇರೆ ಮಾಡುವ ಉಪಾಯ ಇದು. ಕೋಶಗಳನ್ನು ಫಿಕ್ಸ್ ಮಾಡಿ, ಟ್ರೈಟನ್ ಬದಲು ಡಿಜಿಟೋನಿನ್ ಹಾಕಿ. ಡಿಜಿಟೋನಿನ್ ಕೊಲೆಸ್ಟರಾಲ್ ಜಾಸ್ತಿ ಇರುವ ಹೊರಗಿನ ಕೋಶಪೊರೆಯನ್ನು ತೂತು ಮಾಡುತ್ತದೆ, ಹದವಾಗಿ ಹಾಕಿದರೆ ನ್ಯೂಕ್ಲಿಯಸ್ ಪೊರೆಯನ್ನು ಮುಟ್ಟುವುದಿಲ್ಲ. ಈಗ ಲ್ಯಾಮಿನ್‌ಗೆ ಅಥವಾ ಡಿಎನ್‌ಎಗೆ ಅಂಟುವ ಆಂಟಿಬಾಡಿ ಬಿಡಿ. ಆಂಟಿಬಾಡಿ 150 ಕಿಲೋಡಾಲ್ಟನ್, ರಂಧ್ರದಲ್ಲಿ ತೂರುವುದಿಲ್ಲ. ಒಳಗೆ ಬಣ್ಣ ಹತ್ತಿದರೆ ತೂತು ಇದೆ. ಹತ್ತದಿದ್ದರೆ ಪೊರೆ ಮುಚ್ಚಿದೆ, ಸಾಗಣೆಯೇ ನಡೆದಿಲ್ಲ. ಪಕ್ಕದಲ್ಲೇ ಇಂಟರ್‌ಫೇಸ್‌ನಲ್ಲಿರುವ, ಅಂದರೆ ವಿಭಜನೆಯಲ್ಲಿಲ್ಲದ, ಮಾಮೂಲಿ ಕೋಶಗಳು ಕಪ್ಪಾಗಿ ಉಳಿದಿರಬೇಕು. ಅವೂ ಬೆಳಗಿದರೆ ಡಿಜಿಟೋನಿನ್ ಜಾಸ್ತಿಯಾಗಿದೆ, ಮತ್ತೆ ಮಾಡಿ.

ಬಾಗಿಲು ಇಲ್ಲದ ದೋಷ ಅಂತ ತೋರಿದರೆ ಎಲಿಸ್ ಅನ್ನುವ ಪ್ರೋಟೀನಿನಿಂದ ಶುರು ಮಾಡಿ. ರಂಧ್ರ ಕಟ್ಟುವ ಕೆಲಸದಲ್ಲಿ ಕ್ರೋಮಾಟಿನ್ ಮೇಲೆ ಮೊದಲು ಕೂರುವುದು ಅದೇ. ಅದು ನಪ್-107 ಗುಂಪನ್ನು (ರಂಧ್ರದ ಪ್ರೋಟೀನುಗಳಿಗೆ ನಪ್ ಅನ್ನುತ್ತಾರೆ) ಕರೆಯುತ್ತದೆ, ಉಳಿದವು ಅದರ ಮೇಲೆ ಜೋಡಣೆಯಾಗುತ್ತವೆ. ಒಂದೊಂದು ರಂಧ್ರದಲ್ಲೂ ಸುಮಾರು 30 ಬಗೆಯ ಪ್ರೋಟೀನುಗಳ ಸಾವಿರದಷ್ಟು ಅಣುಗಳು ಇರುತ್ತವೆ. ಅಷ್ಟು ದೊಡ್ಡ ಯಂತ್ರ ಕೆಲವೇ ನಿಮಿಷದಲ್ಲಿ, ಸಾವಿರಾರು ಕಡೆ ಏಕಕಾಲಕ್ಕೆ ತಯಾರಾಗುತ್ತದೆ ಅನ್ನುವುದು ಎಷ್ಟು ಸಲ ನೋಡಿದರೂ ಬೆರಗು ಹುಟ್ಟಿಸುತ್ತದೆ. ಎಲಿಸ್ ಕಡಿಮೆಯಾದಾಗ ಒಂದು ಸ್ಪಷ್ಟ ಗುರುತು ಸಿಗುತ್ತದೆ: ನಪ್‌ಗಳಿಗೆ ಅಂಟುವ ಎಂಎಬಿ-414 ಆಂಟಿಬಾಡಿ ನ್ಯೂಕ್ಲಿಯಸ್ ಅಂಚಿನಲ್ಲಿ ಮಂಕಾಗಿ, ಸೈಟೋಪ್ಲಾಸಮ್‌ನಲ್ಲಿ ದಪ್ಪ ಚುಕ್ಕೆಗಳಾಗಿ ಕಾಣುತ್ತದೆ. ರಂಧ್ರಗಳು ಜಾಗ ತಪ್ಪಿ ಇಆರ್ ಹಾಳೆಗಳ ಮೇಲೆ ಕಟ್ಟಿಕೊಂಡಿರುತ್ತವೆ. ಅಂಚೂ ಮಂಕು, ಚುಕ್ಕೆಯೂ ಇಲ್ಲ ಅಂದರೆ ಸಾಗಣೆಯನ್ನು ನಡೆಸುವ ರಾನ್ ಪ್ರೋಟೀನ್ ಕಡೆ ನೋಡಿ. ಕ್ರೋಮೋಸೋಮ್ ಮೇಲೆ ಕೂತ ಆರ್‌ಸಿಸಿ-1, ರಾನ್-ಜಿಟಿಪಿ ತಯಾರಿಸಿ, ಸಾಗಿಸುವ ಪ್ರೋಟೀನ್ ಇಂಪೋರ್ಟಿನ್ ಹಿಡಿತದಿಂದ ನಪ್‌ಗಳನ್ನು ಬಿಡಿಸಬೇಕು. ಅದು ನಡೆಯದಿದ್ದರೆ ಜೋಡಣೆಗೆ ಸಾಮಾನೇ ಸಿಗುವುದಿಲ್ಲ.

ತೂತಿನ ದೋಷ ಆದರೆ ಎಸ್ಕಾರ್ಟ್-3. 2015ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೆರೆಮಿ ಕಾರ್ಲ್‌ಟನ್ ಮತ್ತು ಓಸ್ಲೋದ ಹರಾಲ್ಡ್ ಸ್ಟೆನ್‌ಮಾರ್ಕ್ ಅವರ ತಂಡಗಳು ತೂತು ಮುಚ್ಚುವುದು ಎಸ್ಕಾರ್ಟ್-3 ಅನ್ನುವುದನ್ನು ಬೇರೆ ಬೇರೆಯಾಗಿ ತೋರಿಸಿದವು. ಒಳಪೊರೆಯ ಲೆಮ್-2 ಪ್ರೋಟೀನ್ ಚಿಂಪ್-7ನ್ನು ಕರೆಯುತ್ತದೆ. ಚಿಂಪ್-7 ಉಳಿದ ಎಸ್ಕಾರ್ಟ್ ಸದಸ್ಯರನ್ನು ಕರೆಯುತ್ತದೆ. ಜೊತೆಗೆ ಬರುವ ಸ್ಪಾಸ್ಟಿನ್ ಮೈಕ್ರೋಟ್ಯೂಬ್ಯೂಲನ್ನು ಕತ್ತರಿಸುತ್ತದೆ. ದಾರ ಹೋದ ಮೇಲೆ ತೂತು ಬಿಗಿಯುತ್ತದೆ. ಇಲ್ಲಿ ನೋಡಬೇಕಾದ ಜಾಗ ಕೋರ್ ಭಾಗ. ಹತ್ತು ಹದಿನೈದು ನಿಮಿಷ ಕಳೆದ ಮೇಲೂ ಟ್ಯೂಬ್ಯುಲಿನ್ ಎಳೆ (ಮೈಕ್ರೋಟ್ಯೂಬ್ಯೂಲ್) ಪೊರೆಯಲ್ಲಿ ಚುಚ್ಚಿಕೊಂಡೇ ಇದ್ದರೆ ಕತ್ತರಿಸುವ ಹಂತದಲ್ಲಿ ಅಡಚಣೆ ಆಗಿದೆ. ಒಂದು ಎಚ್ಚರಿಕೆ: ಈ ದೋಷದ ಗ್ರಾಫ್ ಪೂರ್ತಿ ಮಲಗುವುದಿಲ್ಲ. ಎನ್‌ಎಲ್‌ಎಸ್ ಸ್ವಲ್ಪ ಒಳಗೆ ಸೇರುತ್ತದೆ, ಸೋರುತ್ತಲೂ ಇರುತ್ತದೆ, ಅನುಪಾತ ಮಾಮೂಲಿಗಿಂತ ಕೆಳಗೇ ನಿಲ್ಲುತ್ತದೆ. ಐದಾರು ಕೋಶ ನೋಡಿ ತೀರ್ಮಾನ ಮಾಡಿದರೆ ಕೈತಪ್ಪಿ ಹೋಗುತ್ತದೆ.

ಒಳಗೆ ಸೇರಿದ್ದು ಆಮೇಲೆ ಹೊರಗೆ ಬಂದರೆ

ಗ್ರಾಫ್ ಚೆನ್ನಾಗಿ ಏರಿ, ಗಂಟೆಗಟ್ಟಲೆ ನಿಂತು, ಒಂದು ಕ್ಷಣದಲ್ಲಿ ಧಡಕ್ಕನೆ ಬಿದ್ದರೆ ಅದು ಮರುಜೋಡಣೆಯ ದೋಷ ಅಲ್ಲ. ಕಟ್ಟಿದ ಪೊರೆ ಹರಿದಿದೆ. ದೊಡ್ಡ ನ್ಯೂಕ್ಲಿಯಸ್‌ನಲ್ಲಾದರೆ ಹರಿದ ಜಾಗಕ್ಕೆ ಸೈಟೋಪ್ಲಾಸಮ್‌ನ ಬ್ಯಾಫ್ ಓಡಿ ಬಂದು ಚುಕ್ಕೆಯಾಗಿ ಗುಡ್ಡೆ ಬೀಳುತ್ತದೆ, ಅನುಪಾತ ನಿಧಾನಕ್ಕೆ ಮತ್ತೆ ಏರುತ್ತದೆ. ಲ್ಯಾಮಿನ್‌ಗಳನ್ನು ನೋಡಿ, ಕೋಶಗಳು ಎಷ್ಟು ಒತ್ತಡದಲ್ಲಿವೆ ನೋಡಿ.

ಮರಿ ನ್ಯೂಕ್ಲಿಯಸ್ ಹರಿದರೆ ಸಾಮಾನ್ಯವಾಗಿ ಮತ್ತೆ ಸರಿಹೋಗುವುದಿಲ್ಲ. ಸಾಕ್ ಸಂಸ್ಥೆಯ ಎಮಿಲಿ ಹ್ಯಾಚ್ ಮತ್ತು ಮಾರ್ಟಿನ್ ಹೆಟ್ಸರ್ 2013ರಲ್ಲಿ ಇದನ್ನು ಕ್ಯಾನ್ಸರ್ ಕೋಶಗಳಲ್ಲಿ ತೋರಿಸಿದರು. ಅಂಥ ಮರಿಗಳಲ್ಲಿ ಲ್ಯಾಮಿನ್-ಬಿ1 ಕಡಿಮೆ ಇತ್ತು, ಅದನ್ನು ಹೆಚ್ಚಿಸಿದಾಗ ಹರಿಯುವುದು ಕಡಿಮೆಯಾಯಿತು. ಇಲ್ಲಿ ಕೋರ್, ನಾನ್-ಕೋರ್ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ. ಹಿಂದೆ ಉಳಿದ ಕ್ರೋಮೋಸೋಮ್ ಮೇಲೆ ಎಮೆರಿನ್ ಚೆನ್ನಾಗಿ ಕೂರುತ್ತದೆ, ಎಲ್‌ಬಿಆರ್ ಮತ್ತು ನಪ್‌ಗಳು ಕೂರುವುದಿಲ್ಲ. ಹಾಗಾಗಿ ಅದು ಹುಟ್ಟುವಾಗಲೇ ಸೊರಗಿರುತ್ತದೆ, ಬೇಕಾದ ಪ್ರೋಟೀನುಗಳನ್ನು ಒಳಗೆ ಎಳೆದುಕೊಳ್ಳಲು ಬಾಗಿಲು ಸಾಲುವುದಿಲ್ಲ. ಯಾಕೆ ಹೀಗೆ ಅನ್ನುವುದಕ್ಕೆ ಎರಡು ವಾದ ಇವೆ. ನಡುವಿನ ದಟ್ಟ ಮೈಕ್ರೋಟ್ಯೂಬ್ಯೂಲ್‌ಗಳು ಅಡ್ಡ ಬರುತ್ತವೆ ಅನ್ನುವುದು ಒಂದು. ಅಲ್ಲಿರುವ ಅರೋರಾ-ಬಿ ಕೈನೇಸ್ ತಡೆಯುತ್ತದೆ ಅನ್ನುವುದು ಇನ್ನೊಂದು. ನನಗೆ ಮೊದಲನೆಯದರ ಕಡೆಗೆ ಒಲವು ಜಾಸ್ತಿ. ಆದರೆ ನಿಮ್ಮ ಕೋಶಗಳಲ್ಲಿ ಎರಡನ್ನೂ ಪರೀಕ್ಷೆ ಮಾಡಿ. ಈ ಸಣ್ಣ ದೋಷ ಸಣ್ಣದಾಗಿ ಉಳಿಯುವುದಿಲ್ಲ. ಹರಿದ ಮರಿಯೊಳಗಿನ ಕ್ರೋಮೋಸೋಮ್ ನೂರಾರು ಚೂರಾಗಿ ಅಡ್ಡಾದಿಡ್ಡಿ ಜೋಡಿಕೊಳ್ಳಬಹುದು. ಡಿಎನ್‌ಎ ಹೊರಗೆ ಕಂಡದ್ದಕ್ಕೆ, ಸೈಟೋಪ್ಲಾಸಮ್‌ನಲ್ಲಿ ಡಿಎನ್‌ಎ ಪತ್ತೆ ಹಚ್ಚುವ ಸಿ-ಗ್ಯಾಸ್ ಪ್ರೋಟೀನ್ ಬಂದು ಅಂಟಿಕೊಳ್ಳುತ್ತದೆ. ಸಿ-ಗ್ಯಾಸ್ ಬಣ್ಣ ಹರಿದ ಮರಿಗೆ ಒಳ್ಳೆಯ ಗುರುತೂ ಹೌದು.

ಎಲ್ಲವೂ ತಡವಾಗುತ್ತಿದ್ದರೆ

ಪೊರೆ ಮಾತ್ರ ತಡವೋ, ಎಲ್ಲವೂ ತಡವೋ ಅಂತ ಬೇರೆ ಮಾಡಿ. ಕ್ರೋಮೋಸೋಮ್ ಸಡಿಲವಾಗುವುದು, ಸ್ಪಿಂಡಲ್ ಕರಗುವುದು, ಪೊರೆ ಕಟ್ಟುವುದು ಮೂರೂ ಒಟ್ಟಿಗೆ ಹಿಂದೆ ಬಿದ್ದಿದ್ದರೆ ಮೊದಲು ತಾಪಮಾನ ನೋಡಿ. ಮೈಕ್ರೋಸ್ಕೋಪ್ ಸುತ್ತಲಿನ ಬಿಸಿ ಡಬ್ಬಿಯ ಮೀಟರ್ 37 ಡಿಗ್ರಿ ತೋರಿಸಿದರೂ ಎಣ್ಣೆ ಹಾಕಿದ ಲೆನ್ಸ್ ಗಾಜಿನಿಂದ ಶಾಖ ಎಳೆದುಕೊಳ್ಳುತ್ತದೆ. ಲೆನ್ಸಿಗೂ ಹೀಟರ್ ಬೇಕು. ಅದು ಸರಿ ಇದ್ದರೆ ಸೈಕ್ಲಿನ್-ಬಿ ಪೂರ್ತಿ ಕರಗಿದೆಯಾ, ಪಿಪಿ-2ಎ-ಬಿ55 ಕೆಲಸ ಮಾಡುತ್ತಿದೆಯಾ ನೋಡಿ.

ಪೊರೆ ಮಾತ್ರ ತಡ, ಅಥವಾ ಕ್ರೋಮಾಟಿನ್ ಒಳಗೇ ಪೊರೆಯ ತುಂಡುಗಳು ಸಿಕ್ಕಿಕೊಂಡಿವೆ ಅಂದರೆ ಫಿಲ್ಮನ್ನು ಹಿಂದಕ್ಕೆ, ಅನಾಫೇಸ್‌ಗೆ ಮುಂಚಿನ ಮೆಟಾಫೇಸ್ ಹಂತಕ್ಕೆ ತಿರುಗಿಸಿ. ರೀಪ್-3 ಮತ್ತು ರೀಪ್-4 ಪ್ರೋಟೀನುಗಳು ಇಆರ್ ಅನ್ನು ಕ್ರೋಮೋಸೋಮ್‌ಗಳಿಂದ ದೂರ ಎಳೆದಿರಬೇಕಿತ್ತು. ಅಲ್ಲೇ ಪೊರೆ ಅಂಟಿಕೊಂಡಿದ್ದರೆ ದೋಷ ಅನಾಫೇಸ್‌ಗೂ ಮೊದಲಿನದು.

ಗುಳ್ಳೆ ಮತ್ತು ಸುಕ್ಕು

ಇದು ಹೆಚ್ಚಾಗಿ ಲ್ಯಾಮಿನ್ ವಿಷಯ. ಪ್ರೊಜೀರಿಯಾ, ಅಂದರೆ ಬೇಗ ಮುಪ್ಪು ಬರುವ ಕಾಯಿಲೆ, ಇರುವ ಮಕ್ಕಳ ಕೋಶಗಳಲ್ಲಿ ಹೀಗಿರುತ್ತದೆ. ಲ್ಯಾಮಿನ್-ಎ ತಯಾರಿಸುವ ಎಲ್‌ಎಂಎನ್‌ಎ ಜೀನಿನ 1824ನೇ ಅಕ್ಷರ 'ಸಿ' ಇದ್ದದ್ದು 'ಟಿ' ಆಗಿ, 50 ಅಮೈನೋ ಆಮ್ಲ ಕಡಿಮೆ ಇರುವ ಲ್ಯಾಮಿನ್-ಎ, ಅಂದರೆ ಪ್ರೊಜೆರಿನ್, ತಯಾರಾಗುತ್ತದೆ. ಇದು ತಿಳಿದದ್ದು 2003ರಲ್ಲಿ. ಮಾಮೂಲಿ ಲ್ಯಾಮಿನ್-ಎ ವಿಭಜನೆಯಲ್ಲಿ ಕರಗಿ ಚದುರುತ್ತದೆ. ಪ್ರೊಜೆರಿನ್‌ಗೆ ಕೊಬ್ಬಿನ ಬಾಲ ಉಳಿದಿರುವುದರಿಂದ ಅದು ಪೊರೆಗೇ ಅಂಟಿಕೊಂಡಿರುತ್ತದೆ. ಮೆಟಾಫೇಸ್‌ನಲ್ಲಿ ಲ್ಯಾಮಿನ್ ಚುಕ್ಕೆಗಳು ಪೊರೆಯ ಜೊತೆ ಕಂಡರೆ ಅದೇ ಸುಳಿವು. ಆ ಬಾಲ ಕಟ್ಟದಂತೆ ತಡೆಯುವ ಲೋನಾಫಾರ್ನಿಬ್ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗುಳ್ಳೆ ಎಣಿಸುವಾಗ ಕೋಶಗಳನ್ನು ಎಷ್ಟು ಸಲ ಪ್ಯಾಸೇಜ್ ಮಾಡಿದ್ದೀರಿ (ಹೊಸ ತಟ್ಟೆಗೆ ಹಂಚಿ ಬೆಳೆಸಿದ್ದೀರಿ) ಅಂತ ಬರೆದಿಡಿ. ವಯಸ್ಸಾದಂತೆ ಮಾಮೂಲಿ ಕೋಶಗಳಲ್ಲೂ ಗುಳ್ಳೆ ಜಾಸ್ತಿಯಾಗುತ್ತವೆ.

ಕಾರಣ ಇದೇ ಅಂತ ಬರೆಯುವ ಮೊದಲು

ಒಂದು ಎಸ್‌ಐಆರ್‌ಎನ್‌ಎ ಸಾಲದು, ಬೇರೆ ಅನುಕ್ರಮದ ಇನ್ನೊಂದನ್ನೂ ಹಾಕಿ. ಆಮೇಲೆ ಎಸ್‌ಐಆರ್‌ಎನ್‌ಎ ಹಿಡಿಯಲಾಗದ ಹಾಗೆ ಅಕ್ಷರ ಬದಲಿಸಿದ ಜೀನನ್ನು ವಾಪಸ್ ಕೊಡಿ. ಆಕಾರ ಮಾತ್ರ ಸರಿಹೋದರೆ ಸಾಲದು, ಹಾಳಾಗಿದ್ದ ಹಂತ ಅದೇ ನಿಮಿಷಕ್ಕೆ ವಾಪಸ್ ಬರಬೇಕು. ಬ್ಯಾಫ್, ಲೆಮ್-2, ಚಿಂಪ್-7 ಇವು ಪೊರೆ ಕಟ್ಟುವಾಗಲೂ ಬೇಕು, ಇಂಟರ್‌ಫೇಸ್‌ನಲ್ಲಿ ಹರಿದದ್ದನ್ನು ಮುಚ್ಚುವಾಗಲೂ ಬೇಕು. ಹಾಗಾಗಿ ಎರಡು ದಿನ ಪ್ರೋಟೀನ್ ಇಲ್ಲದೆ ಬಳಲಿದ ಕೋಶದಲ್ಲಿ ಯಾವುದು ಯಾವುದರ ಫಲ ಅಂತ ಹೇಳಲಾಗದು. ಸಾಧ್ಯವಾದರೆ ಆಕ್ಸಿನ್ ಡೆಗ್ರಾನ್ (ಆಕ್ಸಿನ್ ಹಾಕಿದರೆ ಪ್ರೋಟೀನನ್ನು ಬೇಗ ಕರಗಿಸುವ ಚೀಟಿ) ಕಟ್ಟಿ, ಮೆಟಾಫೇಸ್‌ಗೆ ಸ್ವಲ್ಪ ಮೊದಲು ಪ್ರೋಟೀನನ್ನು ಕರಗಿಸಿ, ಅದೇ ವಿಭಜನೆಯನ್ನು ನೋಡಿ.